ಕರಾವಳಿಯ ಏಳು ಕ್ಷೇತ್ರಗಳ ದಾರಿ ಮತ್ತು ನಮ್ಮೂರ ಅರವಟ್ಟಿಗೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆಯಿಂದ ಕರಾವಳಿಯ ಕ್ಷೇತ್ರಗಳಿಗೆ ಹೋಗಿಬರುವವರು ಬಹಳ ಮಂದಿ. ಗೋಕರ್ಣ, ಕೊಲ್ಲೂರು, ಶಂಕರನಾರಾಯಣ, ಕೋಟೇಶ್ವರ, ಕುಂಭಾಶಿ, ಉಡುಪಿ, ಸುಬ್ರಹ್ಮಣ್ಯ ಇವೇ ಪರಶುರಾಮ ಕ್ಷೇತ್ರದ ಏಳು ಮುಕ್ತಿಸ್ಥಳಗಳೆಂದು ಹಿರಿಯರು ಹೇಳುತ್ತಾರೆ. ಕೊಲ್ಲೂರು, ಸುಬ್ರಹ್ಮಣ್ಯಗಳು ಘಟ್ಟದ ತಪ್ಪಲಲ್ಲಿವೆ. ಗೋಕರ್ಣ ಕಡಲ ದಂಡೆಯಲ್ಲೇ ಇದೆ.

ನಾನು ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಊರಿಂದೂರಿಗೆ ಎಷ್ಟು ಗಂಟೆ ಎಂದು ಫೋನಿನ ನಕ್ಷೆಯಲ್ಲಿ ನೋಡುವುದೇ ರೂಢಿ. ಆದರೆ ಗೋಕರ್ಣದಿಂದ ಉಡುಪಿಗೆ ಬರುವಾಗ ನಾವು ನಿಮಿಷದಲ್ಲಿ ದಾಟುವ ಅಘನಾಶಿನಿ, ಶರಾವತಿ, ಪಂಚಗಂಗಾವಳಿ, ಸೀತಾ, ಸ್ವರ್ಣಾ ನದಿಗಳು ಹಿಂದಿನ ಯಾತ್ರಿಕನಿಗೆ ಒಂದೊಂದೂ ಒಂದು ಪರೀಕ್ಷೆ. ಸೇತುವೆಗಳಿಲ್ಲದ ಕಾಲದಲ್ಲಿ ದೋಣಿಗಾಗಿ ಕಾಯಬೇಕಿತ್ತು. ಮಳೆಗಾಲದಲ್ಲಿ ಹೊಳೆ ತುಂಬಿದರೆ ಪ್ರಯಾಣವೇ ನಿಲ್ಲುತ್ತಿತ್ತು. ಹೆದ್ದಾರಿಯ ಸೇತುವೆಗಳೂ 1998ರಲ್ಲಿ ಪೂರ್ತಿಯಾಗಿ ತೆರೆದ ಕೊಂಕಣ ರೈಲೂ ಆ ಕಷ್ಟವನ್ನು ಕಳೆದವು.

ಹಾಗಾದರೆ ಅಂದಿನವರು ನಡೆದದ್ದು ಯಾವ ಧೈರ್ಯದ ಮೇಲೆ? ಮೊರಾಕ್ಕೊ ದೇಶದ ಇಬ್ನ್ ಬತೂತ 14ನೇ ಶತಮಾನದಲ್ಲಿ ಹೊನ್ನಾವರ, ಬಾರ್ಕೂರು, ಮಂಗಳೂರುಗಳನ್ನು ಕಂಡು ಬರೆದಿಟ್ಟ ಮಾತು ಇದಕ್ಕೆ ಉತ್ತರ. ಗೋವೆಯಿಂದ ಕೊಲ್ಲಂವರೆಗಿನ ಕರಾವಳಿ ದಾರಿಯುದ್ದಕ್ಕೂ ಮರಗಳ ನೆರಳಿತ್ತು. ಅರ್ಧ ಮೈಲಿಗೊಂದು ಮರದ ಮನೆ, ಕೂರಲು ಜಗಲಿ, ಬಾವಿ, ನೀರು ಕೊಡಲು ಒಬ್ಬ ಮನುಷ್ಯ. ಅನ್ಯಮತದವನಾದ ಬತೂತನಂಥವರಿಗೆ ಪಾತ್ರೆ ಕೊಡದೆ ಬೊಗಸೆಗೆ ನೀರು ಹುಯ್ಯುತ್ತಿದ್ದರು. ಆ ಕಾಲದ ಮಡಿ ಅದು, ಅದನ್ನು ಮುಚ್ಚಿಡಬೇಕಿಲ್ಲ. ಆದರೂ ಸಾಕೆನ್ನುವ ತನಕ ಹುಯ್ಯುತ್ತಿದ್ದರೆಂದೂ ಅವನೇ ಬರೆದಿದ್ದಾನೆ. ಬಾಯಾರಿದವನಿಗೆ ನೀರು ಇಲ್ಲವೆನ್ನಲಿಲ್ಲ.

ಯಾತ್ರೆಯ ಪುಣ್ಯದಲ್ಲಿ ದಾರಿಯ ಊರಿನವರಿಗೂ ಪಾಲಿತ್ತು ಎಂಬುದನ್ನು ನಾನು ಇದರಿಂದ ತಿಳಿದೆ. ದೇವಸ್ಥಾನವನ್ನು ರಾಜ ಕಟ್ಟಿಸಿರಬಹುದು. ದಾರಿಯನ್ನು ಉಳಿಸಿದ್ದು ದೋಣಿ ನಡೆಸಿದವನು, ಮರ ನೆಟ್ಟವನು, ನೀರು ಹುಯ್ದವನು.

ನಮ್ಮ ಬಯಲುಸೀಮೆಗೆ ಇದು ಹೊಸದಲ್ಲ. ನೀರಿಗೆ ಬರವಿರುವ ನಮ್ಮಲ್ಲೂ ಬೇಸಿಗೆಯಲ್ಲಿ ಅರವಟ್ಟಿಗೆ ಇಡುತ್ತಿದ್ದರು. ಊರಾಚೆಯ ಗುಂಡುತೋಪು ದಾರಿಹೋಕರಿಗೂ ಎತ್ತಿನ ಗಾಡಿಗಳಿಗೂ ತಂಗುದಾಣವಾಗಿತ್ತು. ಚಿಂತಾಮಣಿಯ ಮೇಲೆ ತಿರುಪತಿಗೆ ನಡೆದು ಹೋಗುವವರಿಗೆ ಮಜ್ಜಿಗೆ, ಪಾನಕ ಕೊಡುವವರು ಇಂದಿಗೂ ಇದ್ದಾರೆ. ಆದರೆ ರಸ್ತೆ ಅಗಲವಾದಂತೆ ಸಾಲುಮರಗಳು ಹೋಗುತ್ತಿವೆ, ಗುಂಡುತೋಪುಗಳು ಒತ್ತುವರಿಯಾಗುತ್ತಿವೆ. ಅವುಗಳ ನೆನಪಿರುವ ಹಿರಿಯರೂ ಕಡಿಮೆಯಾಗುತ್ತಿದ್ದಾರೆ.

ಮುಂದಿನ ಸಲ ಕರಾವಳಿಗೆ ಹೋದಾಗ ಯಾವುದಾದರೊಂದು ಹೊಳೆಯ ದಂಡೆಯಲ್ಲಿ ಇಳಿದು, ಹಿಂದೆ ಇಲ್ಲಿ ಹೇಗೆ ದಾಟುತ್ತಿದ್ದರೆಂದು ಅಲ್ಲಿನವರನ್ನು ಕೇಳೋಣ. ಊರಿಗೆ ಬಂದ ಮೇಲೆ ನಮ್ಮ ಹಿರಿಯರನ್ನೂ ಕೇಳೋಣ. ಶಾಲೆಗೆ ಐವತ್ತು ತುಂಬಿದ ಈ ವರ್ಷ ಮಕ್ಕಳು ಸುತ್ತಲಿನ ಗುಂಡುತೋಪು, ಹಳೆಯ ಬಾವಿ, ಮಂಟಪಗಳ ಪಟ್ಟಿ ಮಾಡಲಿ. ಅದನ್ನು ನಕ್ಷೆಯಲ್ಲಿ ಗುರುತಿಸಿಕೊಡುವ ಕೆಲಸವನ್ನು ಹಳೆಯ ವಿದ್ಯಾರ್ಥಿಯಾಗಿ ನಾನು ಮಾಡಿಕೊಡುತ್ತೇನೆ.