ಪಚ್ಚೈಯಪ್ಪನವರ ದತ್ತಿ

ಸೌಕಾರ್‌ಪೇಟೆಯ ಹೆಸರೇ ಸಾಹುಕಾರಿಕೆಯನ್ನು ಸಾರುತ್ತದೆ. ಆದರೆ ಅದರ ಅಂಚಿನ ಹಳೆಯ ಚೀನಾಬಜಾರಿನಲ್ಲಿ ದತ್ತಿಯ ಹಣದಿಂದ ಎದ್ದ ಭವನವೊಂದುಂಟು. 1794ರಲ್ಲಿ ತೀರಿಕೊಂಡ ದುಭಾಷಿ ಪಚ್ಚೈಯಪ್ಪ ಮೊದಲಿಯಾರರು ತಮ್ಮ ಸಂಪತ್ತನ್ನು ದೇವತಾಕಾರ್ಯಕ್ಕೂ ದಾನಧರ್ಮಕ್ಕೂ ಮೀಸಲಿಟ್ಟು ಉಯಿಲು ಬರೆದಿದ್ದರು. ಆ ಹಣವು ದಶಕಗಳ ಕಾಲ ವ್ಯಾಜ್ಯದಲ್ಲಿ ಸಿಲುಕಿತು. ಕೊನೆಗೆ ನ್ಯಾಯಾಲಯದ ಮೂಲಕ, ಧರ್ಮಕಾರ್ಯಗಳಿಗೆ ಮಿಕ್ಕ ಹಣವು ವಿದ್ಯಾದಾನಕ್ಕೆ ಸಂದಿತು. 1842ರಲ್ಲಿ ಬಡ ಹಿಂದೂ ಬಾಲಕರಿಗಾಗಿ ಶಾಲೆ ತೆರೆಯಿತು. 1889ರಲ್ಲಿ ಅದು ಕಾಲೇಜಾಯಿತು.

ಬರೆದಿಟ್ಟ ಪತ್ರವಿದ್ದುದರಿಂದಲೇ ಆ ದ್ರವ್ಯವು ಉಳಿಯಿತೆಂಬುದನ್ನು ಹೊರನಾಡಿನ ಕನ್ನಡಿಗರಾದ ನಾವು ಗಮನಿಸಬೇಕು. ವರ್ಷವರ್ಷವೂ ಚಂದಾ ಎತ್ತಿ ಕೊಡುವ ವಿದ್ಯಾರ್ಥಿವೇತನವು ದಾನಿಗಳು ಮರೆತ ವರ್ಷ ನಿಲ್ಲುತ್ತದೆ. ಅದರೊಡನೆ ಹುಡುಗನ ಓದೂ ನಿಲ್ಲುತ್ತದೆ. ಅಸಲನ್ನು ಮುಟ್ಟದೆ ಬಡ್ಡಿಯಿಂದ ಓದಿಸುವ, ಪತ್ರಮುಖೇನ ಭದ್ರವಾದ ದತ್ತಿಯೇ ಬಾಳತಕ್ಕ ದಾನ.