ಟೇಸನ್ನು, ಬಸ್ಸು, ಠಾಣೆ: ‘ತಪ್ಪು’ ಕಾಗುಣಿತದ ಸರಿಯಾದ ಚರಿತ್ರೆ

ಮಾಜಿವಾಡಾ ನಾಕಾದಲ್ಲಿ ನಿಂತು ದಿನಾ ನೋಡೋ ‘ಠಾಣೆ’ ಅನ್ನೋ ಬೋರ್ಡೇ ಒಂದು ‘ತಪ್ಪು’ ಕಾಗುಣಿತ ಅಂದ್ರೆ ನಂಬ್ತೀರಾ? ಶಿಲಾಹಾರರ ಶಾಸನಗಳಲ್ಲಿ ಈ ಊರು ‘ಶ್ರೀಸ್ಥಾನಕ’. ಜನರ ಬಾಯಲ್ಲಿ ಮೊದಲಿನ ಸಕಾರ ಉದುರಿ ‘ಠಾಣೆ’ ಆಯ್ತು. ಇಂಗ್ಲಿಷರು ತಮಗೆ ಕೇಳಿಸಿದ ಹಾಗೆ ‘ಟನ್ನಾ’ ಅಂತ ಬರ್ಕೊಂಡ್ರು.

1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಇದೇ ಠಾಣೆಗೆ, 34 ಕಿಲೋಮೀಟರ್, ದೇಶದ ಮೊದಲ ಪ್ರಯಾಣಿಕರ ರೈಲು ಓಡಿತು. ರೈಲಿನ ಜೊತೆ ‘ಸ್ಟೇಷನ್’ ಅನ್ನೋ ಪದವೂ ಊರೂರಿಗೆ ಹೋಯ್ತು. ನಮ್ಮ ಹಳ್ಳಿಗಳಲ್ಲಿ ಅದು ‘ಟೇಸನ್ನು’. ಸ್ನೇಹ ‘ನೇಹ’ ಆದ ಹಾಗೆ, ಸ್ಥಾನ ‘ತಾಣ’ ಆದ ಹಾಗೆ, ಇಲ್ಲೂ ಮೊದಲಿನ ಸಕಾರ ಬಿತ್ತು. ಸಂಸ್ಕೃತ ಪದಗಳು ಹೀಗೆ ಬದಲಾಗೋದಕ್ಕೆ 13ನೇ ಶತಮಾನದಲ್ಲೇ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಅಪಭ್ರಂಶ ಅಂತ ಒಂದು ಪ್ರಕರಣವನ್ನೇ ಮೀಸಲಿಟ್ಟ.

ಈಗ ‘ಬಸ್ಸು’ ನೋಡಿ. ಹಳಗನ್ನಡದ ಕಣ್, ಕಲ್ ಹೊಸಗನ್ನಡದಲ್ಲಿ ಕಣ್ಣು, ಕಲ್ಲು ಆದವು. ಕಾಲ್ ಮಾತ್ರ ಕಾಲು. ಸ್ವರ ಹ್ರಸ್ವ ಇದ್ರೆ ಕೊನೇ ವ್ಯಂಜನ ಇಮ್ಮಡಿ, ದೀರ್ಘ ಇದ್ರೆ ಒಂದೇ. ಬಸ್ಸು, ಪೆನ್ನು ಒಂದು ಕಡೆ. ಕಾರು, ರೋಡು ಇನ್ನೊಂದು ಕಡೆ. ಆಫೀಸಲ್ಲಿ ನಾವೇ ‘ಕೋಡು’ ಬರೆದು ‘ಬಗ್ಗು’ ಹುಡುಕ್ತೀವಲ್ಲ, ಅಲ್ಲೂ ಅದೇ ಲಾಜಿಕ್ ರನ್ ಆಗ್ತಿದೆ!

ಲಿಪಿಗೂ ಇದರಲ್ಲಿ ಪಾಲಿದೆ. ದೇವನಾಗರಿಯಲ್ಲಿ ಮರಾಠಿ ಬರೆಯುವಾಗ ಟೆಸ್ಟ್, ಟೇಸ್ಟ್ ಎರಡೂ ಒಂದೇ ಥರ ಕಾಣುತ್ತೆ. ಕನ್ನಡದಲ್ಲಿ ಎ, ಏ ಬೇರೆ ಬೇರೆ. ಆದ್ರೆ ಡಾಕ್ಟರ್ ಪದದ ಅಗಲ ಸ್ವರಕ್ಕೆ ಮರಾಠಿಯವರಿಗೆ ಅರ್ಧಚಂದ್ರ ಇದೆ. ನಾವು ‘ಡಾ’ದಲ್ಲೇ ಸುಧಾರಿಸ್ಕೋತೀವಿ.

ಇಂಗ್ಲಿಷ್ ಭಾಷೆಯದ್ದೂ ಇದೇ ಕಥೆ. ‘ಓಕೆ’ ಅಚ್ಚಾಗಿದ್ದು 1839ರ ಮಾರ್ಚ್ 23ರಂದು, ಬಾಸ್ಟನ್ನಿನ ಒಂದು ಪತ್ರಿಕೆಯಲ್ಲಿ. ‘ಆಲ್ ಕರೆಕ್ಟ್’ ಅನ್ನೋದನ್ನ ಬೇಕಂತಲೇ ತಪ್ಪು ಕಾಗುಣಿತದಲ್ಲಿ ಬರೆದು, ಅದರ ಮೊದಲಕ್ಷರಗಳನ್ನ ಹಿಡಿದ ತಮಾಷೆ ಅದು. ಇವತ್ತು ಅದಿಲ್ಲದೆ ಒಂದು ಮೀಟಿಂಗೂ ಮುಗಿಯಲ್ಲ.

ಇದನ್ನೆಲ್ಲ ಯಾಕೆ ಹೇಳ್ದೆ ಅಂದ್ರೆ, ಊರಿನ ಅಜ್ಜಿ ಫ್ಯಾಮಿಲಿ ಗ್ರೂಪಲ್ಲಿ ‘ಟೇಸನ್ನಿಗೆ ಬಂದೆ’ ಅಂತ ಬರೆದ್ರೆ ಇಲ್ಲಿ ಬೆಳೆದ ಮೊಮ್ಮಕ್ಕಳು ನಗ್ತಾರೆ. ಎರಡು ಸಲ ನಕ್ಕರೆ ಅಜ್ಜಿ ಬರೆಯೋದನ್ನೇ ನಿಲ್ಲಿಸ್ತಾರೆ. ಪರೀಕ್ಷೆಯಲ್ಲಿ, ಅರ್ಜಿಯಲ್ಲಿ ‘ಸ್ಟೇಷನ್’ ಅಂತಲೇ ಬರೀಲಿ, ಬೇಡ ಅನ್ನಲ್ಲ. ಆದ್ರೆ ‘ಟೇಸನ್ನು’ ಅಜ್ಞಾನ ಅಲ್ಲ, ತದ್ಭವ. ಮಕ್ಕಳಿಗೆ ಅಷ್ಟು ಹೇಳಿಕೊಡೋಣ.