ಅಂಗಡಿ ಕಳ್ಳತನ: ಯಾವುದು ಪೊಲೀಸ್ ಲೆಕ್ಕಕ್ಕೆ ಸೇರುತ್ತೆ, ಯಾವುದು ಸೇರಲ್ಲ?

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ, ಅಂದರೆ ಎನ್‌ಸಿಆರ್‌ಬಿ, ವರದಿ ಬಂದಾಗಲೆಲ್ಲ ‘ಕೇಸ್ ಜಾಸ್ತಿ ಆಯ್ತು’ ಅನ್ನೋ ಮಾತು ಶುರುವಾಗುತ್ತದೆ. ಆದರೆ ಈ ವರದಿಯಲ್ಲಿ ಇರುವುದು ನಡೆದ ಅಪರಾಧಗಳ ಲೆಕ್ಕವಲ್ಲ, ಠಾಣೆಯಲ್ಲಿ ದಾಖಲಾದ ಪ್ರಕರಣಗಳ ಲೆಕ್ಕ.

ಉದಾಹರಣೆಗೆ, ಕರ್ನಾಟಕದಲ್ಲಿ 2022ರಲ್ಲಿ 12,556 ಸೈಬರ್ ಪ್ರಕರಣ ದಾಖಲಾಗಿದ್ದವು. 2023ರಲ್ಲಿ ಅದು 21,889ಕ್ಕೆ ಏರಿ, ದೇಶದಲ್ಲೇ ಅತಿ ಹೆಚ್ಚು ಎನಿಸಿತು. ಇದರಲ್ಲಿ ವಂಚನೆ ಎಷ್ಟು ಹೆಚ್ಚಿತು, ಜನ ದೂರು ಕೊಡೋದು ಎಷ್ಟು ಹೆಚ್ಚಿತು ಎಂಬುದನ್ನು ಸಂಖ್ಯೆಯೊಂದೇ ಹೇಳುವುದಿಲ್ಲ.

5,000 ರೂಪಾಯಿ ಗೆರೆ

2024ರ ಜುಲೈ 1ರಿಂದ ಹೊಸ ಕಾನೂನು ಜಾರಿಯಲ್ಲಿದೆ. ಅದರ ಪ್ರಕಾರ 5,000 ರೂ.ಗಿಂತ ಕಡಿಮೆ ಬೆಲೆಯ ಸಾಮಾನ್ಯ ಕಳ್ಳತನ ಅಸಂಜ್ಞೇಯ ಅಪರಾಧ, ಠಾಣೆ ಭಾಷೆಯಲ್ಲಿ ‘ಎನ್‌ಸಿ’. ಕೋರ್ಟ್ ಅನುಮತಿ ಇಲ್ಲದೆ ಪೊಲೀಸರು ಇದರ ತನಿಖೆ ಮಾಡುವಂತಿಲ್ಲ. ಮೊದಲ ಸಲ ಸಿಕ್ಕಿಬಿದ್ದವನು ಮಾಲು ವಾಪಸ್ ಕೊಟ್ಟರೆ ಸಮುದಾಯ ಸೇವೆಯೇ ಶಿಕ್ಷೆ. ಅಂಗಡಿ ಮುಂದಿಟ್ಟ ಸರಕು ಹೋದರೆ ಈ ಗೆರೆ ಮುಖ್ಯವಾಗುತ್ತದೆ.

ಶಟರ್ ಮುರಿದು ಒಳನುಗ್ಗಿ ಕದ್ದರೆ ಅದು ಕನ್ನಕಳವು. ಹೋದದ್ದು 2,000 ರೂ. ಆದರೂ ಎಫ್‌ಐಆರ್ ಆಗಲೇಬೇಕು.

ಶಿಕ್ಷೆ ಪ್ರಮಾಣ ಅಂದರೇನು?

ಒಂದು ಎಫ್‌ಐಆರ್‌ನಲ್ಲಿ ಹಲವು ಅಪರಾಧ ಇದ್ದರೂ ಅತಿ ಗಂಭೀರವಾದ ಒಂದನ್ನು ಮಾತ್ರ ಎನ್‌ಸಿಆರ್‌ಬಿ ಎಣಿಸುತ್ತದೆ. ‘ಶಿಕ್ಷೆ ಪ್ರಮಾಣ’ವನ್ನು ಲೆಕ್ಕ ಹಾಕುವುದು ವಿಚಾರಣೆ ಮುಗಿದ ಪ್ರಕರಣಗಳಲ್ಲಿ ಮಾತ್ರ. ಕೋರ್ಟಿನಲ್ಲಿ ಬಾಕಿ ಇರುವ ಕೇಸುಗಳು ಅದರಲ್ಲಿ ಸೇರಲ್ಲ. ಹಾಗಾಗಿ ಶಿಕ್ಷೆ ಪ್ರಮಾಣ ಚೆನ್ನಾಗಿದೆ ಎಂದಮಾತ್ರಕ್ಕೆ ದೂರು ಕೊಟ್ಟವರಿಗೆಲ್ಲ ನ್ಯಾಯ ಸಿಕ್ಕಿದೆ ಎಂದಲ್ಲ.

ಠಾಣೆಗೆ ಹೋದಾಗ

* ಬರೀ ಅರ್ಜಿ ಪಡೆದು ಹಿಂಬರಹ ಕೊಟ್ಟರೆ ಅದು ಎಫ್‌ಐಆರ್ ಅಲ್ಲ. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ. ವಿಮೆಯವರೂ ಸಾಮಾನ್ಯವಾಗಿ ಅದನ್ನೇ ಕೇಳುತ್ತಾರೆ.
* ಘಟನೆ ಬೇರೆ ಠಾಣೆ ವ್ಯಾಪ್ತಿಯದ್ದಾದರೂ ದೂರು ಪಡೆಯಬೇಕು. ಇದೇ ‘ಝೀರೊ ಎಫ್‌ಐಆರ್’.
* ಆನ್‌ಲೈನ್‌ನಲ್ಲಿ ದೂರು ಕಳಿಸಿದ್ದರೆ 3 ದಿನದೊಳಗೆ ಸಹಿ ಹಾಕಬೇಕು.
* ದಾಖಲಿಸಲು ಒಪ್ಪದಿದ್ದರೆ ಎಸ್‌ಪಿಗೆ ಲಿಖಿತ ದೂರು ಕೊಡಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟ್ ಇದೆ.
* ತನಿಖೆ ಎಲ್ಲಿಗೆ ಬಂತು ಎಂಬುದನ್ನು 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕು.
* ಯುಪಿಐ, ಬ್ಯಾಂಕ್ ಖಾತೆಯಿಂದ ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ದಾಖಲಾಗದ ಕಳ್ಳತನ ಯಾವ ವರದಿಯಲ್ಲೂ ಇರಲ್ಲ. ಪೇಟೆಯಲ್ಲಿ ರಾತ್ರಿ ಗಸ್ತು ಹೆಚ್ಚಿಸಿ ಎಂದು ಕೇಳುವಾಗ ವರ್ತಕರ ಕೈಯಲ್ಲಿ ಇರಬೇಕಾದದ್ದು ಆ ಎಫ್‌ಐಆರ್‌ಗಳೇ.